ಒಂದೆಲಗ ತಿಂದರೆ ಮಳೆಗಾಲದ ಬೇಸರ ಹೋಗುತ್ತಾ?

"ಕಕ್ಕಡ ತಿಂಗಳಲ್ಲಿ ಮನಸ್ಸೇ ಮಂಕಾಗುತ್ತದೆ. ಗದ್ದೆ ಬದುವಿನ ಒಂದೆಲಗ ತಿನ್ನಬಹುದಾ? ಬ್ರಾಹ್ಮಿ ಅಂದ್ರೆ ಅದೇ ಅಲ್ವಾ?"

ಕಕ್ಕಡ ಅಂದರೆ ನಮ್ಮ ಕೊಡಗಿನ ಜಡಿಮಳೆಯ ತಿಂಗಳು. ಮಡಿಕೇರಿಯಲ್ಲಿ ಮಳೆ ಹಿಡಿಯುವುದೇ ತಡ, ಈ ಪ್ರಶ್ನೆ ಶುರು. ತಿನ್ನಬಹುದಾ? ಧಾರಾಳವಾಗಿ. ಅದೇ ಅಲ್ವಾ? ಅಲ್ಲ. ಎಷ್ಟು ಸಲ ಹೇಳಲಿ, ಅಲ್ಲ!

ನಮ್ಮ ಕಡೆ ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ನೀರು ಬ್ರಾಹ್ಮಿಗೂ ಬ್ರಾಹ್ಮಿ ಅನ್ನುತ್ತಾರೆ. ಗೊಂದಲ ಹುಟ್ಟಿದ್ದೇ ಅಲ್ಲಿ. ಒಂದೆಲಗ ಅಂದರೆ ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿಯ ಕುಟುಂಬದ್ದು. ನೆಲದ ಮೇಲೆ ಹಬ್ಬುತ್ತದೆ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಒಂದು ತೊಟ್ಟಿಗೆ ಒಂದೇ ದುಂಡನೆಯ ಎಲೆ. ಹೆಸರಲ್ಲೇ ಇದೆಯಲ್ಲ, ಇನ್ನೇನು ಬೇಕು? ನೀರು ಬ್ರಾಹ್ಮಿ ಅಂದರೆ ಬಕೋಪಾ ಮೊನ್ನಿಯೇರಿ. ಅದರದ್ದು ಉಗುರಿನಷ್ಟೇ ಚಿಕ್ಕ, ದಪ್ಪ ಎಲೆ. ಎದುರುಬದುರು ಜೋಡಿಯಾಗಿ ಬರುತ್ತದೆ, ಬಾಯಿಗಿಟ್ಟರೆ ಕಹಿ. ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಒಳಗಿನ ಸತ್ವವೂ ಬೇರೆ: ಒಂದೆಲಗದಲ್ಲಿ ಏಷಿಯಾಟಿಕೋಸೈಡ್, ನೀರು ಬ್ರಾಹ್ಮಿಯಲ್ಲಿ ಬಕೋಸೈಡ್. ಆಯುರ್ವೇದದಲ್ಲೂ ಮಂಡೂಕಪರ್ಣಿ, ಬ್ರಾಹ್ಮಿ ಎಂದು ಎರಡು ಹೆಸರಿವೆ. ಹಾಗಾಗಿ ಅಂಗಡಿಯಲ್ಲಿ ಬಾಟಲಿ ಕೊಳ್ಳುವಾಗ ಮುಂದಿನ ದೊಡ್ಡ ಅಕ್ಷರ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ.

ಈ ಗೊಂದಲದಿಂದ ಏನು ನಷ್ಟ ಅನ್ನುತ್ತೀರಾ? ಒಂದರ ಮೇಲೆ ನಡೆದ ಪರೀಕ್ಷೆಯನ್ನು ಇನ್ನೊಂದಕ್ಕೆ ಅಂಟಿಸುತ್ತಾರೆ. ನೀರು ಬ್ರಾಹ್ಮಿಯ ಪರೀಕ್ಷೆಗಳು ಹೆಚ್ಚಾಗಿ ನೆನಪಿನ ಶಕ್ತಿಯ ಬಗ್ಗೆ. ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂ ಸಾರ, 12 ವಾರ. ಮನೆಯ ಒಂದೆಲಗದ ತಂಬುಳಿಗೂ ಅದಕ್ಕೂ ಏನು ಸಂಬಂಧ? ಒಂದೆಲಗದ ಮೇಲೆ 2000ದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಅದರಲ್ಲಿದ್ದವರು 40 ಆರೋಗ್ಯವಂತರು. ಕೆಲವರಿಗೆ ಒಂದೇ ಸಲಕ್ಕೆ 12 ಗ್ರಾಂ ಒಂದೆಲಗ ಕೊಟ್ಟರು, ಉಳಿದವರಿಗೆ ಹುಸಿ ಮದ್ದು. ದಿಢೀರ್ ಸದ್ದಿಗೆ ಬೆಚ್ಚಿಬೀಳುವುದು ಕಡಿಮೆಯಾಯಿತು. ಆದರೆ ಮನಸ್ಸು ಹೇಗಿದೆ ಎಂದು ಕೇಳಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಹಾಗಂತ ತಿನ್ನುವುದು ಬಿಡಬೇಡಿ. ಜೀರಿಗೆ, ಕರಿಮೆಣಸು ತುಪ್ಪದಲ್ಲಿ ಹುರಿದು, ಸೊಪ್ಪು ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆ ಬೆರೆಸಿದರೆ ನಾನಂತೂ ಎರಡು ತುತ್ತು ಜಾಸ್ತಿ ಉಣ್ಣುತ್ತೇನೆ. ಕಳೆನಾಶಕ, ಮೈಲುತುತ್ತದ ಬೋರ್ಡೋ ದ್ರಾವಣ ಬಿದ್ದ ತೋಟದಲ್ಲಿ ಮಾತ್ರ ಕೀಳಬೇಡಿ. ಚರಂಡಿ ಬದಿಯದೂ ಬೇಡ. ಸಾರದ ಮಾತ್ರೆಗಳನ್ನು ತಿಂಗಳುಗಟ್ಟಲೆ ಸುಮ್ನೆ ನುಂಗಬೇಡಿ. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದದ್ದು ವರದಿಯಾಗಿದೆ. ಬೇಸರ ಎರಡು ವಾರ ಕಳೆದರೂ ಬಿಡದಿದ್ದರೆ, ನಿದ್ದೆ ಊಟ ಕೆಟ್ಟರೆ ವೈದ್ಯರನ್ನು ನೋಡಿ. 14416ಕ್ಕೆ ಫೋನ್ ಮಾಡಿದರೂ ಆಯಿತು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೊಪ್ಪು ನಂಬಿ ನಿಲ್ಲಿಸಬೇಡಿ.

ಕಕ್ಕಡದ ಮಾತು ಬಂತಲ್ಲ, ಯಾರೂ ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪು (ಇದು ಒಂದೆಲಗ ಅಲ್ಲ, ಬೇರೆಯೇ ಗಿಡ) ಕುದಿಸಿ ಪಾಯಸ ಮಾಡುತ್ತೇವೆ. ಆ ದಿನ ಅದರಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಎಂಬುದು ನಂಬಿಕೆ. ನೇರಳೆ ಬಣ್ಣ ಮಾತ್ರ ಕಣ್ಣಾರೆ ಕಾಣುವಂಥದ್ದು. ಮಾರನೆಯ ಬೆಳಿಗ್ಗೆ ಮೂತ್ರ ಕೆಂಪಗಾದರೆ ಅದು ರಕ್ತ ಅಲ್ಲ, ಸೊಪ್ಪಿನ ಬಣ್ಣ. ಹೊರಗಿನಿಂದ ಬಂದ ಅಳಿಯಂದಿರಿಗೆ ಇದನ್ನು ಹಿಂದಿನ ರಾತ್ರಿಯೇ ಹೇಳಿಡಿ.