ಕೂಲಂಟ್ ಹೋಗಿದ್ದೆಲ್ಲಿಗೆ? ಡೀಸೆಲ್ ಗಾಡಿಯ ಸೋರಿಕೆ ಹುಡುಕುವುದು, ಅದಕ್ಕೆ ದುಡ್ಡು ಕೊಡುವುದು

ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಟ್ರೇಡ್ ಓದುತ್ತಿರುವ ಗೆಳೆಯರಿಗೆ ಅಂತ ಈ ಟಿಪ್ಪಣಿ. ಸ್ವಂತ ಗಾಡಿ ಇಟ್ಟುಕೊಂಡವರಿಗೂ ಉಪಯೋಗಕ್ಕೆ ಬರುತ್ತದೆ. ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ ಚಿತ್ರ ಬಿಡಿಸಿ ಅಂದರೆ ನಾವೆಲ್ಲ ಬಿಡಿಸುತ್ತೇವೆ. ಆದರೆ ಇಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಕಮ್ಮಿ ಆಗುತ್ತಿರುವ ಗಾಡಿ ಎದುರಿಗೆ ಬಂದು ನಿಂತಾಗ ಮೊದಲು ಎಲ್ಲಿ ಕೈ ಇಡಬೇಕು ಅನ್ನುವುದು ಆ ಚಿತ್ರದಲ್ಲಿ ಇರುವುದಿಲ್ಲ.

ನಮ್ಮ ಚಿಕ್ಕಪ್ಪನ ಪಿಕಪ್ ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತದೆ. ವಾರಕ್ಕೆ ಅರ್ಧ ಲೀಟರ್ ಕೂಲಂಟ್ ಕಮ್ಮಿ ಆಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿ "ರೇಡಿಯೇಟರ್ ಹೋಗಿದೆ" ಅಂದರು. ಹೊಸ ರೇಡಿಯೇಟರ್, ಹೊಸ ಕೂಲಂಟ್, ಕೂಲಿ ಎಲ್ಲ ಸೇರಿ 9,400 ರೂಪಾಯಿ ಆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಅರ್ಧ ಲೀಟರ್. ಇನ್ನೊಂದು ಕಡೆ ಕೇಳಿದರೆ "ಹೆಡ್ ಬಿಚ್ಚಬೇಕು, 30 ಸಾವಿರ ಇಟ್ಕೊಳ್ಳಿ" ಅಂದರು. ಹೆಡ್ ಅಂದರೆ ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ. ಇಬ್ಬರಲ್ಲಿ ಒಬ್ಬರೂ ಪ್ರೆಷರ್ ಟೆಸ್ಟ್ ಮಾಡಿರಲಿಲ್ಲ. ಆಮೇಲೆ ಸೋರಿಕೆ ಸಿಕ್ಕಿದ್ದು ವಾಟರ್ ಪಂಪಿನಲ್ಲಿ. ಅದನ್ನು ಹುಡುಕಲು ಬೇಕಾಗಿದ್ದು ಇಪ್ಪತ್ತು ನಿಮಿಷ.

ಅವತ್ತಿನಿಂದ ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಷ್ಟು ಬರೆದುಕೊಂಡಿದ್ದೇನೆ: ಕೂಲಂಟ್ ಎಲ್ಲಿಗೆ ಹೋಗುತ್ತಿದೆ ಅಂತ ಕಣ್ಣಿಗೆ ಕಾಣುವ ತನಕ ಒಂದು ಪಾರ್ಟೂ ಕೊಳ್ಳಬಾರದು. ರಿಪೇರಿಗೆ ದುಡ್ಡು ಕೊಡುವ ಮೊದಲು ಹುಡುಕುವ ಕೆಲಸಕ್ಕೆ ದುಡ್ಡು ಕೊಡಬೇಕು.

ಹೋಗುವುದಕ್ಕೆ ಮೂರೇ ದಾರಿ

ಕೂಲಂಟ್ ಸುಮ್ನೆ ಮಾಯ ಆಗುವುದಿಲ್ಲ. ಹೊರಗೆ ಸೋರಬಹುದು. ಇಲ್ಲಾ ಸಿಲಿಂಡರಿಗೆ ಅಥವಾ ಎಕ್ಸಾಸ್ಟಿಗೆ ಹೋಗಿ ಹೊಗೆಯಾಗಿ ಆಚೆ ಹೋಗಬಹುದು. ಇಲ್ಲಾ ಇಂಜಿನ್ ಆಯಿಲ್ ಒಳಗೆ ಸೇರಬಹುದು. ಯಾವ ದಾರಿ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹೊರಗಿನ ಸೋರಿಕೆಯೇ ಜಾಸ್ತಿ. ಅಗ್ಗವೂ ಅದೇ. ಹೋಸ್ ಪೈಪಿನ ಎರಡು ತುದಿ, ಕ್ಲಿಪ್ಪಿನ ಕೆಳಗಿನ ಭಾಗ, ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕೂರಿಸಿರುವ ಅಂಚು, ಥರ್ಮೋಸ್ಟಾಟ್ ಹೌಸಿಂಗ್, ಹೀಟರ್ ಪೈಪು, ಇಂಜಿನ್ ಬ್ಲಾಕಿನ ಪಕ್ಕದಲ್ಲಿ ಬಟ್ಟಲಿನ ಹಾಗೆ ಒತ್ತಿ ಕೂರಿಸಿರುವ ಕೋರ್ ಪ್ಲಗ್, ಇವನ್ನೆಲ್ಲ ಟಾರ್ಚ್ ಹಿಡಿದು ನೋಡಬೇಕು. ಬಿಸಿ ಇಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆರಿಹೋಗುತ್ತದೆ, ಅದಕ್ಕೇ ನೆಲ ಒಣಗಿದೆ ಅಂದ ಮಾತ್ರಕ್ಕೆ ಹೊರಗೆ ಸೋರುತ್ತಿಲ್ಲ ಅಂತ ಅಲ್ಲ. ಹನಿಗಿಂತ ಕಲೆ ಹುಡುಕುವುದು ವಾಸಿ. ಕೂಲಂಟ್ ಆರಿದ ಕಡೆ ಗುಲಾಬಿ, ಹಸಿರು ಅಥವಾ ಬಿಳಿ ಪುಡಿ ಅಂಟಿಕೊಂಡಿರುತ್ತದೆ. ಎಡಗಡೆ ಸೀಟಿನ ಕೆಳಗೆ ತೊಟ್ಟಿಕ್ಕುವ ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಸಾಮಾನ್ಯವಾಗಿ ಎಸಿಯದು. ಅದನ್ನು ನೋಡಿ ಗಾಬರಿಯಾಗಿ ಬರುವವರು ಬಹಳ.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಬರೀ ಮುಚ್ಚಳ ಅಲ್ಲ, ಒಂದು ವಾಲ್ವು. ಅದರ ಮೇಲೆ 0.9 ಅಥವಾ 1.1 ಅಂತ ಒತ್ತಡ ಬಾರ್ ಲೆಕ್ಕದಲ್ಲಿ ಬರೆದಿರುತ್ತದೆ. ಒತ್ತಡ 1 ಬಾರ್ ಜಾಸ್ತಿ ಆದರೆ ಬರೀ ನೀರು ಕೂಡ 100 ಡಿಗ್ರಿ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ ಆ ಒತ್ತಡ ನಿಲ್ಲುವುದಿಲ್ಲ, ಬೇಗ ಕುದಿಯುತ್ತದೆ, ಆವಿಯಾಗಿ ಆಚೆ ಹೋಗುತ್ತದೆ. ಇಂಜಿನ್ ತಣ್ಣಗಾದ ಮೇಲೆ ಮೇಲಿನ ಹೋಸ್ ಒಳಕ್ಕೆ ಚಪ್ಪಟೆ ಆಗಿದ್ದರೆ ಮುಚ್ಚಳದ ಒಳಗಿನ ಸಣ್ಣ ವಾಲ್ವು ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಸಾವಿರಾರು ರೂಪಾಯಿ ಖರ್ಚು ಮಾಡುವ ಮೊದಲು ಇದನ್ನು ನೋಡಿ. ಇಂಜಿನ್ ಬಿಸಿ ಇದ್ದಾಗ ಮಾತ್ರ ದಯವಿಟ್ಟು ಆ ಮುಚ್ಚಳ ತಿರುಗಿಸಬೇಡಿ. ಮುಖ, ಎದೆ ಎಲ್ಲ ಬೆಂದುಹೋಗುತ್ತದೆ.

ಪ್ರೆಷರ್ ಟೆಸ್ಟ್

ಇದು ನಮ್ಮ ಮುಖ್ಯ ಪಾಠ. ಸೈಕಲ್ ಪಂಪಿನ ಹಾಗೆ ಇರುವ ಕೈಪಂಪು, ಅದಕ್ಕೊಂದು ಗೇಜ್. ಇಂಜಿನ್ ಪೂರ್ತಿ ತಣ್ಣಗಿರಬೇಕು. ಕೂಲಂಟ್ ತುಂಬಿಸಿ, ಮುಚ್ಚಳದ ಜಾಗಕ್ಕೆ ಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಬೇಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ಚೆನ್ನಾಗಿರುವ ಹೋಸೂ ಒಡೆಯಬಹುದು. ಆಮೇಲೆ ಹತ್ತು ಹದಿನೈದು ನಿಮಿಷ ಕಾಯಬೇಕು. ಗೇಜಿನ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಚಿಕ್ಕಪ್ಪನ ಗಾಡಿಗೆ ಇದನ್ನು ಹಾಕಿದಾಗ ಮುಳ್ಳು ಮೊದಲ ಮೂರು ನಿಮಿಷ ಅಲುಗಲಿಲ್ಲ. ನಾಲ್ಕನೇ ನಿಮಿಷಕ್ಕೆ ಕೂದಲೆಳೆಯಷ್ಟು ಕೆಳಗೆ ಬಂತು. ನಮ್ಮ ಮೇಷ್ಟ್ರು ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ಕನ್ನಡಿ ಹಿಡಿದು "ನೋಡೋ ಇಲ್ಲಿ" ಅಂದರು. ವಾಟರ್ ಪಂಪಿನ ಹೊಟ್ಟೆಯ ಕೆಳಗೆ ಕಡ್ಡಿ ತೂರುವಷ್ಟು ಸಣ್ಣ ತೂತು ಇರುತ್ತದೆ. ಅದರ ಸುತ್ತ ಗುಲಾಬಿ ಪುಡಿ ಉಪ್ಪಿನ ಹರಳಿನ ಹಾಗೆ ಕಟ್ಟಿತ್ತು. ನೋಡುತ್ತಿದ್ದ ಹಾಗೆ ಅದರ ನಡುವೆ ಒಂದು ಹನಿ ದಪ್ಪಗಾಗುತ್ತಾ ಬಂದು, ಸ್ವಲ್ಪ ಹೊತ್ತು ನೇತಾಡಿ, ಬಿತ್ತು. ಆ ತೂತನ್ನು ಕಂಪನಿಯವರು ಬೇಕಂತಲೇ ಇಟ್ಟಿರುತ್ತಾರೆ. ಒಳಗಿನ ಸೀಲ್ ಸೋತರೆ ಕೂಲಂಟ್ ಬೇರಿಂಗಿಗೆ ನುಗ್ಗದೆ ಅಲ್ಲಿಂದ ಆಚೆ ಬರಲಿ ಅಂತ. ಅದನ್ನು ಎಂ-ಸೀಲ್ ಹಾಕಿ ಮುಚ್ಚುವವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಬೇರಿಂಗ್ ಕೆಟ್ಟು, ಪಂಪ್ ಅಲ್ಲಾಡಿ, ಫ್ಯಾನ್ ಹೋಗಿ ರೇಡಿಯೇಟರಿಗೆ ಹೊಡೆಯಬಹುದು.

ಸೀಲ್ ಯಾಕೆ ಹೋಯಿತು? ಚಿಕ್ಕಪ್ಪ ದಾರಿಯಲ್ಲಿ ಸಿಕ್ಕ ಬೋರ್‌ವೆಲ್ ನೀರನ್ನೇ ತುಂಬುತ್ತಿದ್ದರು. ನಮ್ಮ ಕಡೆ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ಇಂಜಿನ್ ಒಳಗೂ ಕಟ್ಟುತ್ತದೆ, ಸೀಲನ್ನು ತಿನ್ನುತ್ತದೆ. ಕೂಲಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಸಾಮಾನ್ಯವಾಗಿ ಅರ್ಧಕ್ಕರ್ಧ. ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ, ಗಾಡಿಯ ಪುಸ್ತಕದಲ್ಲಿ ಬರೆದಿರುವ ಜಾತಿಯನ್ನು ಕೊಳ್ಳಿ. ಬಣ್ಣಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ.

ಇನ್ನೊಂದು ಮಾತು. ಕೆಲವು ಸೋರಿಕೆ ತಣ್ಣಗಿದ್ದಾಗ ಮಾತ್ರ ಬರುತ್ತದೆ, ರಾತ್ರಿ ಚಳಿಗೆ ರಬ್ಬರ್ ಕುಗ್ಗಿ ಕ್ಲಿಪ್ ಸಡಿಲ ಆದಾಗ. ಕೆಲವು ಬಿಸಿಯಾದಾಗ ಮಾತ್ರ. ಒಂದು ಸಾರಿ ಮುಳ್ಳು ನಿಂತಿತು ಅಂತ ಗಾಡಿ ವಾಪಸ್ ಕಳಿಸಬೇಡಿ.

ಮುಳ್ಳು ಇಳಿಯಿತು, ಹೊರಗೆ ಹನಿ ಇಲ್ಲ

ಆಗ ಒಳಗೆ ಹೋಗುತ್ತಿದೆ ಅಂತಾಯಿತು. ಡೀಸೆಲ್ ಇಂಜಿನ್ನಿನಲ್ಲಿ ಇದು ಹಗುರವಾಗಿ ನೋಡುವ ವಿಷಯ ಅಲ್ಲ. 2.5 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ತೆಗೆದುಕೊಳ್ಳಿ. ಒಂದೊಂದು ಸಿಲಿಂಡರಿಗೆ ಸುಮಾರು 625 ಸಿಸಿ. ಕಂಪ್ರೆಷನ್ 17ಕ್ಕೆ 1 ಇದ್ದರೆ, ಅಂದರೆ ಒಟ್ಟು 17 ಭಾಗದಲ್ಲಿ 16 ಭಾಗ ಪಿಸ್ಟನ್ ಓಡಾಡುವ ಜಾಗವಾದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 625 ಭಾಗಿಸು 16, ಅಂದರೆ 39 ಸಿಸಿ ಅಷ್ಟೆ. ಬೈಟು ಕಾಫಿಗಿಂತ ಕಮ್ಮಿ. ರಾತ್ರಿಯೆಲ್ಲ ಅಷ್ಟು ಕೂಲಂಟ್ ಸಿಲಿಂಡರಿಗೆ ಇಳಿದು, ಬೆಳಗ್ಗೆ ಸೆಲ್ಫ್ ಹೊಡೆದರೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಬೆಳಗ್ಗೆ ಸೆಲ್ಫ್ ಅರ್ಧಕ್ಕೆ ಸಿಕ್ಕಿಕೊಂಡ ಹಾಗೆ ಆದರೆ ಮತ್ತೆ ಮತ್ತೆ ಹೊಡೆಯಬೇಡಿ. ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಿ, ಎದುರಿಗೆ ಯಾರೂ ನಿಲ್ಲದ ಹಾಗೆ ನೋಡಿಕೊಂಡು ತಿರುಗಿಸಿದರೆ ಯಾವ ಸಿಲಿಂಡರಿನಲ್ಲಿ ನೀರಿದೆ ಅಂತ ಗೊತ್ತಾಗುತ್ತದೆ.

ದುಡ್ಡಿಲ್ಲದೆ ಮಾಡಬಹುದಾದ ಪರೀಕ್ಷೆ ಒಂದಿದೆ, ನನಗೆ ಬಹಳ ಇಷ್ಟ ಆಗಿದ್ದು. ಬೆಳಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೆ ಮೇಲಿನ ಹೋಸ್ ಹಿಸುಕಿ ನೋಡಿ. ಇನ್ನೂ ಬಿಸಿಯೇ ಆಗಿಲ್ಲ, ಆಗಲೇ ಕಲ್ಲಿನ ಹಾಗೆ ಗಟ್ಟಿ ಆಗಿದೆಯಾ? ಶಾಖದಿಂದ ಅಷ್ಟು ಬೇಗ ಒತ್ತಡ ಬರುವುದಿಲ್ಲ. ಸಿಲಿಂಡರಿನ ಗ್ಯಾಸ್ ಕೂಲಂಟ್ ಒಳಗೆ ನುಗ್ಗುತ್ತಿದೆ, ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಅಥವಾ ಹೆಡ್ಡಿನ ಬಿರುಕಿನ ಕಡೆ ಅನುಮಾನ ಹೋಗಬೇಕು. ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೂ ಹಾಗೇ. ಕೂಲಂಟಿನಿಂದ ಬರುವ ಗ್ಯಾಸನ್ನು ಪರೀಕ್ಷಿಸುವ ನೀಲಿ ದ್ರಾವಣದ ಬ್ಲಾಕ್ ಟೆಸ್ಟರ್ ಇದನ್ನೇ ಖಚಿತ ಮಾಡುತ್ತದೆ, ಕಾರ್ಬನ್ ಡೈಆಕ್ಸೈಡ್ ತಾಗಿದರೆ ಬಣ್ಣ ಬದಲಾಗುತ್ತದೆ. ಆದರೆ ಐಡಲ್‌ನಲ್ಲಿ ಡೀಸೆಲ್ ಇಂಜಿನ್ ಬೇಕಾದ್ದಕ್ಕಿಂತ ಬಹಳ ಜಾಸ್ತಿ ಗಾಳಿ ಎಳೆದುಕೊಳ್ಳುವುದರಿಂದ ಆ ಗ್ಯಾಸ್ ಕಮ್ಮಿ ಇರುತ್ತದೆ. ಸ್ವಲ್ಪ ಲೋಡ್ ಮೇಲೆ ಓಡಿಸಿ ಆಮೇಲೆ ಮಾಡಬೇಕು. ಇಲ್ಲದಿದ್ದರೆ "ಸರಿ ಇದೆ" ಅಂತ ತಪ್ಪು ಉತ್ತರ ಬರಬಹುದು.

ಹೆಡ್ ಬಿಚ್ಚುವ ಮೊದಲು ಇಜಿಆರ್ ಕೂಲರ್ ನೋಡಿದಿರಾ? ಹೊಗೆಯನ್ನು ತಣ್ಣಗೆ ಮಾಡಿ ವಾಪಸ್ ಇಂಜಿನ್ನಿಗೆ ಕಳಿಸುವ ಭಾಗ ಅದು, ಒಳಗೆ ಹರಿಯುವುದು ಇದೇ ಕೂಲಂಟ್. ಅದು ಒಡೆದರೂ ಕೂಲಂಟ್ ಕಮ್ಮಿ ಆಗುತ್ತದೆ, ಬಿಳಿ ಹೊಗೆ ಬರುತ್ತದೆ, ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ. ಹೆಡ್ಡಿನ ತಪ್ಪು ಅಂತ ತಿಳಿದು ಪೂರ್ತಿ ಬಿಚ್ಚಿದ ಮೇಲೆ ಗೊತ್ತಾದರೆ ಯಾರ ದುಡ್ಡು ಹೋಯಿತು? ಬಿಳಿ ಹೊಗೆಯಲ್ಲೂ ವ್ಯತ್ಯಾಸ ಇದೆ. ಸುಡದ ಡೀಸೆಲ್ಲಿನ ಹೊಗೆ ಕಣ್ಣು ಉರಿಸುತ್ತದೆ. ಕೂಲಂಟಿನದು ಸಿಹಿ ವಾಸನೆ, ಇಂಜಿನ್ ಬಿಸಿಯಾದ ಮೇಲೂ ನಿಲ್ಲುವುದಿಲ್ಲ.

ಆಯಿಲ್ ಕಡೆ ಬರೋಣ. ಇಂಜಿನ್ ಓಡುವಾಗ ಆಯಿಲ್ ಒತ್ತಡ ಕೂಲಂಟಿಗಿಂತ ಜಾಸ್ತಿ. ಆಯಿಲ್ ಕೂಲರ್ ತೂತಾದರೆ ಆಯಿಲ್ಲೇ ಕೂಲಂಟ್ ಒಳಗೆ ಹೋಗುತ್ತದೆ, ಟ್ಯಾಂಕಿನಲ್ಲಿ ಕಂದು ಕೆನೆ ಕಾಣುತ್ತದೆ. ಇಂಜಿನ್ ಆಫ್ ಮಾಡಿದ ತಕ್ಷಣ ಆಯಿಲ್ ಒತ್ತಡ ಸೊನ್ನೆ, ಕೂಲಂಟಿನದು ಇನ್ನೂ ಇರುತ್ತದೆ, ಆಗ ಕೂಲಂಟ್ ಆಯಿಲ್ ಒಳಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಆ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ, ಎಳೆದುಕೊಂಡು ಬನ್ನಿ. ಬೇರಿಂಗುಗಳು ಉಳಿಯುವುದಿಲ್ಲ. ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ನೊರೆ ಇದ್ದರೆ ಅದು ಬರೀ ತೇವ ಇರಬಹುದು.

ದುಡ್ಡಿನ ಮಾತು

ಚೆಕಿಂಗ್ ಚಾರ್ಜ್ ಅಂದರೆ ನಮ್ಮ ಜನಕ್ಕೆ ಸಿಟ್ಟು ಬರುತ್ತದೆ. "ನೋಡೋದಕ್ಕೂ ದುಡ್ಡಾ?" ಅಂತಾರೆ. ಆದರೆ ನೋಡುವ ಕೆಲಸಕ್ಕೆ ದುಡ್ಡು ಸಿಗದಿದ್ದರೆ ಗ್ಯಾರೇಜಿನವರು ಪಾರ್ಟ್ ಮಾರಿಯೇ ಆ ಸಮಯ ತುಂಬಿಸಿಕೊಳ್ಳಬೇಕು ಅಲ್ವಾ? ಪ್ರೆಷರ್ ಟೆಸ್ಟಿಗೆ ಐನೂರು ಕೇಳಿದರೆ ಖುಷಿಯಿಂದ ಕೊಡಿ. ಸೋರುವ ಜಾಗದ ಫೋಟೋ ಕೇಳಿ. ಮುಂದೆ ಮೆಕ್ಯಾನಿಕ್ ಆಗುವ ನಾವು ಕೂಡ ಆ ಚಾರ್ಜನ್ನು ಕೇಳಿ ಪಡೆಯಬೇಕು, ಫೋಟೋ ತೋರಿಸಬೇಕು.

ಹೆಡ್ ಕೆಲಸಕ್ಕೆ ಒಂದೇ ಮೊತ್ತ ಹೇಳಿದರೆ ಒಪ್ಪಬೇಡಿ. ಬಿಚ್ಚುವ ಕೂಲಿ ಬೇರೆ, ಲೇತಿನಲ್ಲಿ ಬಿರುಕು ನೋಡುವುದು ಮತ್ತು ಫೇಸಿಂಗ್ (ಹೆಡ್ಡಿನ ತಳ ಸಮ ಮಾಡುವುದು) ಬೇರೆ, ಗ್ಯಾಸ್ಕೆಟ್ ಮತ್ತು ಬೋಲ್ಟ್ ಬೇರೆ, ಆಯಿಲ್ ಕೂಲಂಟ್ ಬೇರೆ ಅಂತ ಬರೆಸಿಕೊಳ್ಳಿ. ಹೆಡ್ ಬಿರುಕು ಬಿಟ್ಟಿದ್ದರೆ ಎಷ್ಟಾಗುತ್ತದೆ ಅನ್ನುವುದನ್ನೂ ಮೊದಲೇ ಕೇಳಿ. ಬಹಳ ಇಂಜಿನ್ನುಗಳಲ್ಲಿ ಹೆಡ್ ಬೋಲ್ಟ್ ಒಂದು ಸಾರಿ ಬಿಗಿದರೆ ಹಿಗ್ಗುತ್ತದೆ, ಮತ್ತೆ ಹಾಕುವ ಹಾಗಿಲ್ಲ. ಡೀಸೆಲ್ ಗ್ಯಾಸ್ಕೆಟ್‌ಗಳು ಬೇರೆ ಬೇರೆ ದಪ್ಪದಲ್ಲಿ ಬರುತ್ತವೆ, ಅಂಚಿನಲ್ಲಿರುವ ಗುರುತು ಎಣಿಸಿ ತರಬೇಕು. ಇದು ಗೊತ್ತಿಲ್ಲದವರ ಕೈಗೆ ಹೆಡ್ ಕೊಡಬೇಡಿ. ವಾಟರ್ ಪಂಪ್ ಟೈಮಿಂಗ್ ಬೆಲ್ಟಿನಿಂದ ತಿರುಗುವ ಗಾಡಿಯಾದರೆ ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಒಟ್ಟಿಗೇ ಹಾಕಿಸಿ. ಬಿಚ್ಚುವ ಕೂಲಿ ಒಂದೇ.

2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಮೊದಲು ಹೆಚ್ಚಿನವಕ್ಕೆ 28 ಇತ್ತು. ಕೂಲಿಗೂ 18. ಬಿಲ್ಲಿನಲ್ಲಿ ಈಗಲೂ 28 ಕಂಡರೆ ಕೇಳಿ. ಜಿಎಸ್‌ಟಿ ನಂಬರೇ ಇಲ್ಲದ ಗ್ಯಾರೇಜು ಜಿಎಸ್‌ಟಿ ಅಂತ ಹಾಕುವ ಹಾಗಿಲ್ಲ. ಬಿಚ್ಚಿದ ಹಳೇ ಪಾರ್ಟ್ ವಾಪಸ್ ಕೇಳಿ ತೆಗೆದುಕೊಳ್ಳಿ. ಚಿಕ್ಕಪ್ಪನ ಹಳೇ ರೇಡಿಯೇಟರನ್ನು ಆಮೇಲೆ ನಾವು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹಾಕಿ ನೋಡಿದೆವು. ಒಂದು ಗುಳ್ಳೆಯೂ ಬರಲಿಲ್ಲ. ಅದು ಕೈಯಲ್ಲಿ ಇದ್ದಿದ್ದಕ್ಕೇ ಆ ಗ್ಯಾರೇಜಿನವರು ಕೂಲಿಯ ದುಡ್ಡು ವಾಪಸ್ ಕೊಟ್ಟರು. ಮಾತಿನಲ್ಲಿ ಬಗೆಹರಿಯದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ.

ವಿಮೆಯ ಮೇಲೆ ಜಾಸ್ತಿ ಆಸೆ ಇಡಬೇಡಿ. ಸವೆತ, ಮೆಕ್ಯಾನಿಕಲ್ ಬ್ರೇಕ್‌ಡೌನ್ ಇವು ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ ಬರುವುದಿಲ್ಲ. ಕಲ್ಲು ಹೊಡೆದು ರೇಡಿಯೇಟರ್ ಒಡೆದರೆ ಕ್ಲೇಮ್ ಮಾಡಬಹುದು. ಆದರೆ ಹಾಗೇ ಓಡಿಸಿಕೊಂಡು ಹೋಗಿ ಇಂಜಿನ್ ಸೀಝ್ ಆದರೆ ಆ ಹೆಚ್ಚಿನ ನಷ್ಟ ನಿಮ್ಮದೇ. ಟೆಂಪರೇಚರ್ ಮುಳ್ಳನ್ನು ನಂಬಿ ಓಡಿಸಲೂ ಬೇಡಿ. ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರಿಗೆ ನೀರೇ ತಾಗುವುದಿಲ್ಲ, ಮುಳ್ಳು ಕೆಳಗೇ ಇರಬಹುದು.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಹಳೇ ಲಾರಿಯವರ ಉಪಾಯ, ಅಂಗಡಿಯಲ್ಲಿ ಸಿಗುವ ಸ್ಟಾಪ್ ಲೀಕ್, ಎರಡೂ ರಾತ್ರಿ ಹೊತ್ತು ಊರು ಸೇರಿಕೊಳ್ಳಲು ಸರಿ. ಹಾಗೇ ಬಿಟ್ಟರೆ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಇಳಿಸಿದ ಕೂಲಂಟನ್ನು ಮೋರಿಗೆ ಚೆಲ್ಲಬೇಡಿ, ತೆರೆದ ಬೇಸಿನ್ನಿನಲ್ಲಿ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ರುಚಿ ಸಿಹಿ. ನಾಯಿ, ಬೆಕ್ಕು, ಮಕ್ಕಳು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ.

ಕೆಲಸ ಮುಗಿದ ಮೇಲೆ ಗಾಳಿ ಪೂರ್ತಿ ತೆಗೆದು, ಟ್ಯಾಂಕಿನ ಮೇಲೆ ಕೂಲಂಟ್ ಇರುವ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ, ಒಂದು ವಾರ ದಿನಾ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ. ಚಿಕ್ಕಪ್ಪನ ಗಾಡಿಗೆ ಯುಗಾದಿ ಹಿಂದಿನ ದಿನ ಅಂಟಿಸಿದ ಹಳದಿ ಟೇಪ್ ಈಗ ಬಣ್ಣ ಮಾಸಿದೆ, ಕೂಲಂಟ್ ಇನ್ನೂ ಅದೇ ಮಟ್ಟದಲ್ಲಿದೆ.