ಮೌಲಿದ್ ಅನ್ನ ಬಿಟ್ಟ ಮಗ

ಉಪ್ಪಳದಿಂದ ಒಬ್ಬ ಉಮ್ಮ ಬಂದಿದ್ದರು. ಮಗನ ಮೊಬೈಲನ್ನು ಟವೆಲಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. "ಮೌಲಿದ್ ಅನ್ನ ಮುಟ್ಟಲಿಲ್ಲ ಮೇಡಂ" ಅಂದರು. ಪ್ರವಾದಿಯ ಜನ್ಮಸ್ಮರಣೆಯಲ್ಲಿ ಹಂಚುವ ಊಟ ಅದು. "ಐದು ಹೊತ್ತೂ ಪಳ್ಳಿಗೆ ಹೋಗ್ತಾನೆ. ಇವನೂ ಅವರ ಹಾಗೆ ಹೋಗ್ಬಿಡ್ತಾನಾ?"

2016ರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಪಡನ್ನ, ತೃಕ್ಕರಿಪುರ ಕಡೆಯ ಕೆಲವರು ಐಸಿಸ್ ಸೇರಲು ಅಫ್ಘಾನಿಸ್ತಾನಕ್ಕೆ ಹೋದ ಮೇಲೆ ನನ್ನ ಕೌನ್ಸೆಲಿಂಗ್ ಕೋಣೆಗೆ ಈ ಪ್ರಶ್ನೆ ಬರುತ್ತಲೇ ಇದೆ. ಎಲ್ಲರ ಕಣ್ಣೂ ಗಡ್ಡ, ನಮಾಜು, ಊಟದ ಮೇಲೆ. ಎಷ್ಟು ಸಲ ಹೇಳಲಿ, ಅದಲ್ಲ! ಮೌಲಿದ್ ಬೇಕೋ ಬೇಡವೋ ಎನ್ನುವುದು ಸಾಂಪ್ರದಾಯಿಕ ಸುನ್ನಿಗಳಿಗೂ ಮುಜಾಹಿದ್ ಎಂಬ ಸುಧಾರಣಾವಾದಿ ಪಂಗಡದವರಿಗೂ ಇರುವ ಹಳೇ ವಾದ. ಅಣ್ಣತಮ್ಮಂದಿರು ಅದನ್ನೇ ವಾದಿಸುತ್ತಾ ಒಟ್ಟಿಗೆ ಕೂತು ಮೀನುಸಾರು ಉಣ್ಣುತ್ತಾರೆ.

ನೋಡಬೇಕಾದ್ದು ಒಂದೇ. ಹುಡುಗ ಮನೆಯವರನ್ನು ಮುಸ್ಲಿಮರ ಲೆಕ್ಕದಿಂದ ತೆಗೆದಿದ್ದಾನಾ? ವೋಟು ಹಾಕಿದ ಉಪ್ಪ (ಅಪ್ಪ) ಕಾಫಿರ್, ಅಂದರೆ ಧರ್ಮದ ಹೊರಗಿನವ, ಅಂದನಾ? ಸಲಾಂಗೆ ಉತ್ತರ ಕೊಡುವುದು ಬಿಟ್ಟನಾ? ಹೀಗೆ ಹೊರಗೆ ಹಾಕುವುದಕ್ಕೆ ತಕ್ಫೀರ್ ಅನ್ನುತ್ತಾರೆ. ಉಗ್ರ ಸಂಘಟನೆಗಳು ತಾವೇ ಒಡೆದದ್ದೂ ಬಹಳ ಸಲ ಇದರ ಮೇಲೆಯೇ. ಅಧಿಕಾರದ ಜಗಳವೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. 2014ರಲ್ಲಿ ಅಲ್ ಖೈದಾ ಐಸಿಸ್ಸನ್ನು ದೂರ ಮಾಡಿದಾಗ ಎರಡೂ ಇತ್ತು. ಆಮೇಲೆ ಐಸಿಸ್ ಒಳಗೇ ಹಾಜಿಮಿಗಳೆಂಬ ಗುಂಪು ಎದ್ದಿತು. ಕಾಫಿರನನ್ನು ಕಾಫಿರ್ ಅನ್ನದವನೂ ಕಾಫಿರ್, ಅವನನ್ನು ಹಾಗನ್ನದವನೂ ಕಾಫಿರ್ ಎಂಬುದು ಅವರ ಸರಪಳಿ. ಅವರಲ್ಲಿ ಕೆಲವರನ್ನು ಐಸಿಸ್ಸೇ ಕೊಂದಿತು.

ನಾನು ಹುಡುಗರ ಮುಂದೆ ಈ ಸರಪಳಿಯನ್ನು ಕಾಗದದಲ್ಲಿ ಬರೆಯುತ್ತೇನೆ. "ಇದು ಎಲ್ಲಿ ನಿಲ್ಲುತ್ತೆ, ನೀನೇ ಹೇಳು" ಅನ್ನುತ್ತೇನೆ. ಕೆಲವರು ತುಂಬಾ ಹೊತ್ತು ಆ ಕಾಗದವನ್ನೇ ನೋಡುತ್ತಾರೆ. ಎಲ್ಲರೂ ಬದಲಾಗುತ್ತಾರೆ ಎಂದು ಮಾತ್ರ ನಾನು ಹೇಳಲಾರೆ. ಗುಂಪುಗಳು ಒಡೆದರೆ ಹಿಂಸೆ ಕಡಿಮೆಯಾಗುತ್ತದೆ ಎಂದೂ ಅಲ್ಲ. ತಾಲಿಬಾನ್ ಮತ್ತು ಐಸಿಸ್ ಪರಸ್ಪರ ಕಾದಾಡುತ್ತಿದ್ದಾಗಲೇ 2021ರ ಆಗಸ್ಟ್‌ನಲ್ಲಿ ಕಾಬೂಲ್ ವಿಮಾನ ನಿಲ್ದಾಣದಲ್ಲಿ ಐಸಿಸ್ ಬಾಂಬ್ ಸಿಡಿಸಿತು.

ಧರ್ಮದ ವಾದ ನನ್ನ ಕೆಲಸವಲ್ಲ. ಈಜಿಪ್ಟಿನ ಉಗ್ರ ಸಂಘಟನೆ ಗಮಾ ಇಸ್ಲಾಮಿಯಾದ ನಾಯಕರು 1997ರಲ್ಲಿ ಜೈಲಿನಿಂದಲೇ ಹಿಂಸೆ ನಿಲ್ಲಿಸುವುದಾಗಿ ಹೇಳಿದರು. ತಮ್ಮ ಹಳೇ ವಾದ ಎಲ್ಲಿ ತಪ್ಪಿತ್ತು ಎಂದು ಮುಂದೆ ತಾವೇ ಬರೆದರು. ಒಳಗಿನವರ ಮಾತಿಗೆ ಇರುವ ತೂಕ ನನ್ನ ಮಾತಿಗೆಲ್ಲಿ? ಅದಕ್ಕೇ ಹುಡುಗನಿಗೆ ಚಿಕ್ಕಂದಿನಲ್ಲಿ ಅಕ್ಷರ ಕಲಿಸಿದ ಉಸ್ತಾದರನ್ನು ಕರೆಸಿ ಅನ್ನುತ್ತೇನೆ.

ಆ ಉಮ್ಮನನ್ನು ಕೇಳಿದೆ, "ಉಪ್ಪ ಸಲಾಂ ಹೇಳಿದ್ರೆ ಏನು ಮಾಡ್ತಾನೆ?"

"ತಿರುಗಿ ಹೇಳ್ತಾನೆ. ಉಪ್ಪನ ಹಿಂದೆ ನಿಂತು ನಮಾಜೂ ಮಾಡ್ತಾನೆ."

ಮೊಬೈಲನ್ನು ಟವೆಲಿನ ಸಮೇತ ವಾಪಸ್ ಕೊಟ್ಟೆ. "ಹೇಳದೆ ತೆಗೆದುಕೊಂಡೆ ಅಂತ ಅವನಿಗೆ ಒಂದು ಮಾತು ಹೇಳಿ" ಅಂದೆ.