ಆ ಸ್ನೇರ್ ಡಬ್ಬ ಅಲ್ಲ, ಮಾರಾಯ್ರೆ

ಪ್ರಶ್ನೆ: ಮೆಟಾಲಿಕಾದ ‘ಸೇಂಟ್ ಆ್ಯಂಗರ್’ ಆಲ್ಬಮ್‌ನಲ್ಲಿ ಡ್ರಮ್ ಎಣ್ಣೆ ಡಬ್ಬಕ್ಕೆ ಹೊಡೆದ ಹಾಗೆ ಕೇಳುತ್ತದಲ್ಲ, ಅಷ್ಟು ದೊಡ್ಡ ಬ್ಯಾಂಡಿಗೆ ಒಂದು ಒಳ್ಳೆಯ ರೆಕಾರ್ಡಿಂಗ್ ಮಾಡಿಸ್ಲಿಕ್ಕೆ ಆಗಲಿಲ್ಲವಾ?

ಉತ್ತರ: ಸುರತ್ಕಲ್ಲಿನ ಇನ್ಸಿಡೆಂಟ್, ಮಣಿಪಾಲದ ರೆವೆಲ್ಸ್ ಎಂಬ ಕಾಲೇಜು ಫೆಸ್ಟುಗಳು ಹತ್ತಿರ ಬಂದವು ಅಂದರೆ ಈ ಪ್ರಶ್ನೆಯೂ ಬಂತು ಅಂತ ಲೆಕ್ಕ. ‘ಡಬ್ಬ’ ಎಂಬ ಶಬ್ದ ಕೂಡ ಬದಲಾಗುವುದಿಲ್ಲ. ಈ ಸಲ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಮೈಕ್ ಕೆಟ್ಟಿರಲಿಲ್ಲ, ಸ್ಟುಡಿಯೋದಲ್ಲಿ ಯಾರೂ ನಿದ್ದೆ ಮಾಡುತ್ತಿರಲಿಲ್ಲ. ಸ್ನೇರ್ ಡ್ರಮ್ಮಿನ ಅಡಿಯ ತಂತಿ ಸಡಿಲ ಬಿಟ್ಟಿತ್ತು, ಅಷ್ಟೆ. ಡ್ರಮ್ಮರ್ ಲಾರ್ಸ್ ಉಲ್ರಿಚ್ ಒಂದು ದಿನ ಆ ತಂತಿಯನ್ನು ಹೆಡ್ಡಿಗೆ (ಡ್ರಮ್ಮಿಗೆ ಬಿಗಿದ ಹೊದಿಕೆಗೆ) ತಾಗಿಸುವ ಲಿವರ್ ಏರಿಸಲು ಮರೆತು ಬಾರಿಸಿದರು, ಪ್ಲೇಬ್ಯಾಕ್ ಕೇಳುವಾಗ ಆ ಸದ್ದು ಅವರಿಗೆ ಹಿಡಿಸಿತು. ಮರೆತದ್ದು ಒಂದು ದಿನ, ಉಳಿಸಿಕೊಂಡದ್ದು ಇಡೀ ಆಲ್ಬಮ್ಮಿಗೆ. ನಿಮಗೆ ಇಷ್ಟವಾಗದಿದ್ದರೆ ಬೈಯಿರಿ, ತಕರಾರಿಲ್ಲ. ಆದರೆ ಬೇಕೆಂದೇ ಮಾಡಿದ್ದಕ್ಕೆ ಬೈಯಿರಿ.

ನಂಬಿಕೆ ಬಾರದಿದ್ದರೆ ನಿಮ್ಮ ಪ್ರ್ಯಾಕ್ಟೀಸ್ ರೂಮಿನ 14 ಇಂಚಿನ ಸ್ನೇರ್ ತೆಗೆದುಕೊಳ್ಳಿ. ಹೆಡ್ಡಿನ ಮೇಲೆ ಟೇಪೋ ಜೆಲ್ಲೋ ಅಂಟಿಸಿದ್ದರೆ ಕಿತ್ತುಹಾಕಿ. ಮೇಲಿನ ಹೆಡ್ಡಿನ ಟೆನ್ಷನ್ ರಾಡುಗಳನ್ನು ಎದುರುಬದುರಾಗಿ, ಒಂದೊಂದಕ್ಕೂ ಕಾಲು ಸುತ್ತಿನಂತೆ ಬಿಗಿ ಮಾಡಿ. ಈಗ ಬದಿಯ ಲಿವರ್ ಕೆಳಗೆ ಮಾಡಿ. ಅಡಿಯ ಹೆಡ್ಡಿಗೆ ತಾಗಿಕೊಂಡಿದ್ದ ಸುರುಳಿ ತಂತಿಗಳು ದೂರ ಸರಿಯುತ್ತವೆ. ರಿಮ್ಮಿಗೂ (ಅಂಚಿನ ಬಳೆಗೂ) ತಾಗುವ ಹಾಗೆ ಜೋರಾಗಿ ಒಂದು ಪೆಟ್ಟು ಕೊಡಿ. ‘ಠಣ್’ ಅಂತಲ್ಲ? ಲಿವರ್ ಏರಿಸಿ ಹೊಡೆದರೆ ‘ಛಟ್’. ಡ್ರಮ್ ಅದೇ, ಕೋಲು ಅದೇ.

ಆಗುವುದು ಇಷ್ಟು: ಮೇಲಿನ ಹೆಡ್ಡಿಗೆ ಪೆಟ್ಟು ಬಿದ್ದಾಗ ಒಳಗಿನ ಗಾಳಿ ಅಡಿಯ ಹೆಡ್ಡನ್ನು ದೂಡುತ್ತದೆ, ಅದು ತಂತಿಗಳನ್ನು ಕುಣಿಸುತ್ತದೆ. ತಂತಿಯ ಚರಚರ ಸದ್ದು ಹೆಡ್ಡಿನ ನಾದವನ್ನು ಮುಚ್ಚುತ್ತದೆ, ಜೊತೆಗೆ ಬೇಗ ನಿಲ್ಲಿಸುತ್ತದೆ. ತಂತಿ ಇಲ್ಲದಿದ್ದರೆ ನಾದ ಬೆತ್ತಲೆ. ಒಂದು ಪೆಟ್ಟಿನ ನಾದ ಆರುವ ಮೊದಲೇ ಇನ್ನೊಂದು ಪೆಟ್ಟು.

ಹುಲಿವೇಷದ ತಾಸೆ ಕೇಳಿ ಬೆಳೆದ ನಮ್ಮ ಕಿವಿಗೆ ಇದೇನೂ ಹೊಸತಲ್ಲ. ತಾಸೆಗೂ ಅಂಥ ತಂತಿ ಇಲ್ಲ. ಆದರೆ ತಾಸೆಯ ಎದುರು ಡಿಸ್ಟಾರ್ಷನ್ ಏರಿಸಿದ ಎರಡು ಗಿಟಾರುಗಳು ನಿಂತಿರುವುದಿಲ್ಲ. ಇಲ್ಲಿ ಸ್ನೇರಿನ ಠಣ್ಣಿಗೂ ಗಿಟಾರಿಗೂ ಒಂದೇ ಸೀಟಿಗೆ ಜಗಳ.

ಮಿಕ್ಸಿಂಗಿನಲ್ಲಿ ಸರಿ ಮಾಡಬಹುದಿತ್ತಲ್ಲ ಎನ್ನುವವರಿಗೆ: ಈಕ್ವಲೈಸರ್ ಇದ್ದದ್ದನ್ನು ಏರಿಸುತ್ತದೆ, ಇಳಿಸುತ್ತದೆ. ರೆಕಾರ್ಡೇ ಆಗದ ತಂತಿಯ ಸದ್ದನ್ನು ಎಲ್ಲಿಂದ ತರುತ್ತದೆ? ಆ ಠಣ್ಣನ್ನು ಕತ್ತರಿಸಿದರೆ ರಟ್ಟಿನ ಪೆಟ್ಟಿಗೆ ಬಡಿದ ಸದ್ದು ಉಳಿಯುತ್ತದೆ. ಇರುವ ದಾರಿ ಎರಡೇ, ಬೇರೆ ಸ್ನೇರಿನ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಪೆಟ್ಟಿನ ಸದ್ದು) ಕೂರಿಸುವುದು ಅಥವಾ ಮತ್ತೆ ಬಾರಿಸುವುದು.

ಸ್ನೇರಿನ ಗಲಾಟೆಯಲ್ಲಿ ಅಸಲು ವಿಷಯವನ್ನು ಯಾರೂ ಕೇಳುವುದಿಲ್ಲ. 2003ರ ಈ ಆಲ್ಬಮ್ಮಿನಲ್ಲಿ 11 ಹಾಡು, 75 ನಿಮಿಷ. ಬಾಸಿಸ್ಟ್ ಜೇಸನ್ ನ್ಯೂಸ್ಟೆಡ್ 2001ರ ಜನವರಿಯಲ್ಲೇ ಬಿಟ್ಟು ಹೋಗಿದ್ದರು, ರೆಕಾರ್ಡಿಂಗಿನಲ್ಲಿ ಬಾಸ್ ನುಡಿಸಿದ್ದು ಪ್ರೊಡ್ಯೂಸರ್ ಬಾಬ್ ರಾಕ್. ಅದೇ ವರ್ಷ ಗಾಯಕ, ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಹೋದರು. ಮರಳಿದ ಮೇಲೆ ಅವರ ಕೆಲಸ ದಿನಕ್ಕೆ ನಾಲ್ಕೇ ಗಂಟೆ, ಮಧ್ಯಾಹ್ನ 12ರಿಂದ 4. ಮೊದಲೇ ಮಾಡಿಟ್ಟ ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು) ತರುವ ಹಳೆಯ ಕ್ರಮ ಬಿಟ್ಟು, ಒಟ್ಟಿಗೆ ಕೂತು ಹೊಳೆದ ಹಾಗೆ ಜಾಮ್ ಮಾಡಿದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿದರು. ಗಿಟಾರ್ ಸೋಲೋ ಒಂದೂ ಇಲ್ಲ. ಸೋಲೋ ಇಲ್ಲದಿದ್ದರೆ ಆಲ್ಬಮ್ ಈ ಕಾಲದ್ದೆಂದು ಮುದ್ರೆ ಬೀಳುತ್ತದೆ ಅಂತ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ವಾದಿಸಿದ್ದರು. ಅವರ ಮಾತು ನಡೆಯಲಿಲ್ಲ, ಆದರೆ ಕೊನೆಗೆ ಆ ಮುದ್ರೆ ಬಿದ್ದೇ ಬಿತ್ತು.

ಹೊಸತಾಗಬೇಕೆಂದು ಒಂದೊಂದನ್ನೇ ತೆಗೆದರು. ತೆಗೆದ ಜಾಗಕ್ಕೆ ಏನು ತಂದರು? ಹೆಚ್ಚಿನ ಕಡೆ ಅದೇ ರಿಫ್ಫನ್ನು ಇನ್ನೂ ನಾಲ್ಕು ಸಲ. ರೇಡಿಯೋಹೆಡ್ ಬ್ಯಾಂಡ್ 2000ದ ‘ಕಿಡ್ ಎ’ ಆಲ್ಬಮ್ ಮಾಡುವಾಗ ಗಿಟಾರನ್ನು ಹಿಂದಕ್ಕೆ ಸರಿಸಿತು, ಆದರೆ ಆ ಜಾಗಕ್ಕೆ ಸಿಂಥ್, ಬ್ರಾಸ್, ಓಂಡ್ ಮಾರ್ಟೆನೊ ಎಂಬ ಹಳೆಯ ಎಲೆಕ್ಟ್ರಾನಿಕ್ ವಾದ್ಯ ಬಂದವು. ‘ಸೇಂಟ್ ಆ್ಯಂಗರ್’ಗೆ ಹೊಸ ಸ್ನೇರ್ ಕೂರಿಸಿ ಕೇಳಿದರೂ ಹಾಡು ಬೇಕಾದ್ದಕ್ಕಿಂತ ಎರಡು ನಿಮಿಷ ಉದ್ದವೇ.

ಇನ್ನೊಂದು, ಯಾರೂ ಕೇಳದ್ದು. ಇದರ ಹೆಚ್ಚಿನ ಹಾಡುಗಳು ಡ್ರಾಪ್ ಸಿ ಟ್ಯೂನಿಂಗಿನಲ್ಲಿ ಇವೆ, ಅಂದರೆ ಗಿಟಾರಿನ ತಂತಿಗಳನ್ನು ಮಾಮೂಲಿಗಿಂತ ಕೆಳಗೆ ಇಳಿಸಿದ್ದು, ದಪ್ಪ ತಂತಿಯಿಂದ ಹಿಡಿದು ಸಿ, ಜಿ, ಸಿ, ಎಫ್, ಎ, ಡಿ. ಫೆಸ್ಟಿಗೆ ಇದನ್ನು ಕವರ್ ಮಾಡುವ ಹುಡುಗರು 9-42 ಎಂಬ ತೆಳು ತಂತಿಯ ಸೆಟ್ಟನ್ನೇ (ಅಂಕಿ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಹಾಗೇ ಇಳಿಸಿಬಿಡುತ್ತಾರೆ. ತಂತಿ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲುತ್ತದೆ, ಫ್ರೆಟ್ಟಿಗೆ ಬಡಿದು ಗರಗರ ಅನ್ನುತ್ತದೆ, ಜೋರಾಗಿ ಮೀಟಿದರೆ ಶ್ರುತಿ ಏರಿ ಇಳಿಯುತ್ತದೆ. 25.5 ಇಂಚು ಸ್ಕೇಲಿನ (ತಂತಿಯ ನುಡಿಯುವ ಉದ್ದದ) ಗಿಟಾರಿಗೆ 11-54 ಹಾಕಿ, 24.75 ಇದ್ದರೆ 12-60. ಗಿಟಾರಿನ ತಲೆಯ ಬುಡದಲ್ಲಿರುವ ನಟ್ಟಿನ ಸೀಳಿನಲ್ಲಿ ದಪ್ಪ ತಂತಿ ಸಿಕ್ಕಿಬಿದ್ದು ‘ಟಿಂಕ್’ ಅಂದರೆ ಸೀಳನ್ನು ಸ್ವಲ್ಪ ಅಗಲ ಮಾಡಿಸಬೇಕು. ಆಮೇಲೆ ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ ಅದೇ ಫ್ರೆಟ್ ಒತ್ತಿದ ಸ್ವರವನ್ನೂ ಟ್ಯೂನರಿನಲ್ಲಿ ನೋಡಿ. ಒತ್ತಿದ್ದು ಮೇಲಿದ್ದರೆ ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್ಲನ್ನು ಹಿಂದಕ್ಕೆ ಸರಿಸಿ.

ಏಸಿ ರೂಮಿನಲ್ಲಿ ಟ್ಯೂನ್ ಮಾಡಿದ ಗಿಟಾರನ್ನು ನಮ್ಮ ಊರಿನ ಸೆಕೆಗೆ ತಂದ ಕೂಡಲೇ ತಂತಿ ಬಿಸಿಯಾಗಿ ಶ್ರುತಿ ಇಳಿಯುತ್ತದೆ. ಸ್ಟೇಜಿನ ಬದಿಯಲ್ಲಿ ಹತ್ತು ನಿಮಿಷ ಇಟ್ಟು, ಮತ್ತೆ ಟ್ಯೂನ್ ಮಾಡಿಯೇ ಹತ್ತಿ.